ಎಣಿಸದೆ ಬಿಟ್ಟ ಎಲೆ

ಮನೆಯಲ್ಲಿ ಎಷ್ಟು ಜನ ಎಂದು ಕೇಳಿದಾಗ ನಾನು ನಾಲ್ಕು ಎಂದೆ. ಐದು ಎನ್ನಬೇಕಿತ್ತು. ಐದನೆಯವಳು, ನನ್ನ ಅಕ್ಕ, ಆಗ ನನ್ನ ಬೆನ್ನ ಹಿಂದೆಯೇ ಕಾವಲಿಯ ಮುಂದೆ ಕೂತು ಹೋಳಿಗೆ ಬೇಯಿಸುತ್ತಿದ್ದಳು.

ಮದುವೆ, ಉಪನಯನಗಳ ಅಡುಗೆ ಒಪ್ಪಿಕೊಂಡು ಮಾಡುವುದು ನನ್ನ ಕೆಲಸ. ಸಾಗರದಲ್ಲಿ ಮನೆ. ಹೊಸನಗರ, ತೀರ್ಥಹಳ್ಳಿಯ ಕಡೆಯಿಂದಲೂ ಕರೆ ಬರುತ್ತದೆ. ಅವತ್ತು ಹೊಸನಗರದ ಒಂದು ಕಲ್ಯಾಣ ಮಂಟಪದಲ್ಲಿ ಎರಡನೇ ಪಂಕ್ತಿ ನಡೆಯುತ್ತಿತ್ತು. ಊಟ ಮುಗಿಸಿದ ಒಬ್ಬರು ಕೈ ಒರೆಸಿಕೊಳ್ಳುತ್ತ ಅಡುಗೆಮನೆಗೆ ಬಂದು ಹೋಳಿಗೆಯನ್ನು ಹೊಗಳಿದರು. ಆರೋಗ್ಯ ವಿಮೆಯ ಏಜೆಂಟರಂತೆ. ಬೆಂಕಿ, ಎಣ್ಣೆಯ ನಡುವೆ ಕೆಲಸ ಮಾಡುವವರು ನೀವು, ಒಂದು ಪಾಲಿಸಿ ಇರಲಿ ಎಂದರು. ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಕೇಳಿದರು.

"ನಾನು, ಹೆಂಡ್ತಿ, ಎರಡು ಮಕ್ಕಳು. ನಾಲ್ಕು ಜನ" ಎಂದೆ.

ಅಕ್ಕನ ಕೈ ನಿಲ್ಲಲಿಲ್ಲ. ಕಾವಲಿಯ ಮೇಲಿನ ಹೋಳಿಗೆಯನ್ನು ಮಗುಚಿ ಹಾಕಿದಳು. ಕೇಳಿಸಿಲ್ಲ ಎಂದುಕೊಂಡೆ. ಕೇಳಿಸಬಾರದ್ದು ಏನೋ ಹೇಳಿದ್ದೇನೆ ಎಂಬುದು ಆ ಗಳಿಗೆಯಲ್ಲೇ ನನಗೆ ಹೊಳೆದಿತ್ತು ಎಂದು ಇದರರ್ಥ. ಆದರೂ ತಿದ್ದಲಿಲ್ಲ.

ಅಕ್ಕನನ್ನು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಗೆ ಕೊಟ್ಟಿತ್ತು. ಮಕ್ಕಳಾಗಲಿಲ್ಲ. ಭಾವ ಲಾರಿ ಓಡಿಸುತ್ತಿದ್ದರು, ಅಪಘಾತದಲ್ಲಿ ಹೋದರು. ಹದಿಮೂರನೇ ದಿನದ ಅಡುಗೆಯನ್ನು ನಾನೇ ಮಾಡಿದ್ದೆ. ಊಟವಾದ ಮೇಲೆ ಅಕ್ಕನ ಅತ್ತೆ, "ಅವ್ಳು ಇಲ್ಲೇ ಇರ್ಲಿ, ನಂಗೂ ಒಂದು ಜೊತೆ" ಎಂದರು. ನಾನು ಬಿಡಲಿಲ್ಲ. ಬಿಟ್ಟಿ ಚಾಕರಿಗೆ ಒಂದು ಜೀವ ಬೇಕಾಗಿದೆ ಇವರಿಗೆ ಎಂದು ಜಗಳ ತೆಗೆದೆ. ಈ ಹೊಸ್ತಿಲು ಇನ್ನು ತುಳಿಯುವುದಿಲ್ಲ ಎಂದು ಎಲ್ಲರೆದುರು ಕೂಗಿ, ಅಕ್ಕನನ್ನು ಗೂಡ್ಸ್ ಆಟೋದಲ್ಲಿ ಪಾತ್ರೆಗಳ ಜೊತೆ ಕೂರಿಸಿಕೊಂಡು ಬಂದೆ. ಮರುವಾರದಿಂದಲೇ ಅವಳು ನನ್ನ ಅಡುಗೆಯ ತಂಡದಲ್ಲಿದ್ದಳು. ಅಂದಿನಿಂದ ಅವಳಿಗೆ ಸಂಬಳ ಎಂದು ಒಂದು ದಿನವೂ ಕೊಟ್ಟವನಲ್ಲ. ಅವಳೂ ಕೇಳಲಿಲ್ಲ.

ಅವಳದೊಂದು ಪದ್ಧತಿ ಇತ್ತು. ಎಸರು ಕುದಿಯಲು ಬಂದಾಗ ಎಲ್ಲರೂ ನೆಂಟರ ಎಲೆಯ ಲೆಕ್ಕ ಹಾಕಿ ಅಕ್ಕಿ ಅಳೆಯುತ್ತಾರೆ. ಅಕ್ಕ ಅದಕ್ಕೂ ಮೊದಲು ಅಡುಗೆಯವರ ಎಲೆ ಎಣಿಸುತ್ತಿದ್ದಳು. ಹೆಚ್ಚುವವರು, ಬಡಿಸುವವರು, ಪಾತ್ರೆ ತೊಳೆಯುವವರು, ನೀರು ಹೊರುವವರು, ಇಷ್ಟು ಜನರ ಅಕ್ಕಿಯನ್ನು ಬೇರೆ ತಪ್ಪಲೆಯಲ್ಲಿ ತೆಗೆದಿಟ್ಟು ಮುಚ್ಚಿದ ಮೇಲೆಯೇ ದೊಡ್ಡ ಕೊಪ್ಪರಿಗೆಗೆ ಕೈ. ನೆಂಟರು ಹೆಚ್ಚಾದ ದಿನ ಅಡುಗೆಯವರು ಮಜ್ಜಿಗೆ ಕುಡಿದು ಮಲಗುವುದು ನಮ್ಮ ಕಸುಬಿನಲ್ಲಿ ಮಾಮೂಲು. ಅಕ್ಕ ಬಂದ ಮೇಲೆ ನನ್ನ ತಂಡದಲ್ಲಿ ಹಾಗಾಗಿಲ್ಲ. ಅಂಥವಳನ್ನು ನಾನು ಎಣಿಸದೆ ಬಿಟ್ಟೆ.

ಪಾಲಿಸಿ ಮಾಡಿಸಿದ ಮುಂದಿನ ವರ್ಷ ಮಗನಿಗೆ ಅಪೆಂಡಿಸೈಟಿಸ್ ಆಯಿತು. ಖಾಸಗಿ ಆಸ್ಪತ್ರೆಯಲ್ಲಿ ಕಾರ್ಡು ತೋರಿಸಿದ್ದೇ ಸೇರಿಸಿಕೊಂಡರು. ತಣ್ಣಗಿನ ಕೋಣೆ, ಕಾಯಿಸಲಿಲ್ಲ, ಗದರಲಿಲ್ಲ. ಆ ಉಪಕಾರವನ್ನು ನಾನು ಮರೆಯುವುದಿಲ್ಲ. ಆದರೆ ಅಲ್ಲಿಂದ ನನಗೆ ಸ್ವಲ್ಪ ಸೊಕ್ಕು ಬಂತು. ಅಡುಗೆಮನೆಯಲ್ಲಿ ಈ ಮಾತು ಬಂದಾಗಲೆಲ್ಲ ನಾನು ದುಡ್ಡು ಕಟ್ಟಿದ ಪಾಲಿಸಿಯ ಕಡೆ. ಬಡಿಸುವವನೊಬ್ಬ ನನ್ನ ಪಕ್ಷ. ತರಕಾರಿ ಹೆಚ್ಚುವ ಹೆಂಗಸು ಸರ್ಕಾರದ ಕಾರ್ಡಿನ ಪಕ್ಷ.

"ಸರ್ಕಾರಿ ಕಾರ್ಡು ಹಿಡ್ಕಂಡು ಹೋದ್ರೆ ಬೆಂಚಲ್ಲಿ ಕೂರ್ಸಿ ಕಾಯಿಸ್ತಾರೆ ಮಾರಾಯ್ತಿ. ಪಾಲಿಸಿ ಇದ್ರೆ, ಬನ್ನಿ ಸಾರ್ ಅಂತಾರೆ" ಎನ್ನುತ್ತಿದ್ದ ಬಡಿಸುವವನು.

"ನಿಂಗೆ ಯಾರು ಸಾರ್ ಅಂದಿದ್ದು? ನಮ್ಮನೆಯವ್ರಿಗೆ ಕಿಡ್ನಿ ಕಲ್ಲು ತೆಗೆದಿದ್ದು ಅದೇ ಕಾರ್ಡಲ್ಲಿ. ಒಂದು ಪೈಸೆ ಕೇಳ್ಲಿಲ್ಲ."

"ಕಲ್ಲು ವಾಪಸ್ ಕೊಟ್ರಾ?"

"ಕೊಟ್ಟಿದ್ರೆ ನಿನ್ ತಲೆ ಮೇಲೆ ಹಾಕ್ತಿದ್ದೆ."

ಅಕ್ಕ ನಗುತ್ತಿದ್ದಳು. "ನೀವಿಬ್ರೂ ಹಿಂಗೇ ಕೂತ್ರೆ ಸಾರು ತಳ ಹಿಡೀತದೆ" ಎನ್ನುತ್ತಿದ್ದಳು. ತನಗೆ ಯಾವ ಕಾರ್ಡಿದೆ ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಈ ಸಲದ ಮದುವೆ ಹಂಗಾಮು ಶುರುವಾದಾಗ ಅಕ್ಕ ಏದುಸಿರು ಬಿಡತೊಡಗಿದಳು. ಕೊಪ್ಪರಿಗೆ ಇಳಿಸಿದರೆ ಕೂರುತ್ತಿದ್ದಳು. ಕೇಳಿದರೆ ಹೊಗೆ ಎನ್ನುತ್ತಿದ್ದಳು. ಕಟ್ಟಿಗೆಯ ಒಲೆಯ ಮುಂದೆ ನಿಂತವರು ಯಾರಿಗೆ ಕೆಮ್ಮಿಲ್ಲ? ನನಗೂ ಅದೇ ಸರಿ ಎನಿಸಿತು. ಮನೆಯಲ್ಲಿ ಹೆಂಡತಿ ಒಂದು ಬೆಳಿಗ್ಗೆ, "ಅಕ್ಕ ಈಗ ಮಲಗಲ್ಲ ಕಣ್ರೀ. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡ್ತಾರೆ. ಕಾಲೂ ಊದಿದೆ" ಎಂದಳು. ಹಂಗಾಮು ಮುಗಿಯಲಿ, ತೋರಿಸೋಣ ಎಂದೆ.

ತೀರ್ಥಹಳ್ಳಿಯ ಒಂದು ಉಪನಯನದ ಅಡುಗೆ. ಹೂರಣ ರುಬ್ಬಿ ಆಗಿತ್ತು, ಕಣಕ ನೆನೆದಿತ್ತು. ಅಕ್ಕ ಎಂದಿನಂತೆ ನಮ್ಮ ತಪ್ಪಲೆಗೆ ಅಕ್ಕಿ ಅಳೆದು ಹಾಕಿದಳು. ದೊಡ್ಡ ಅಕ್ಕಿಗೆ ಬಂದವಳು ಸೇರನ್ನು ಚೀಲದೊಳಗೇ ಬಿಟ್ಟು, ಚೀಲದ ಮೇಲೆ ಕೂತುಬಿಟ್ಟಳು. ತುಟಿ ನೀಲಿಯಾಗಿತ್ತು. "ಎಂತ ಆಯ್ತೇ?" ಎಂದರೆ ಮಾತಿಲ್ಲ. ಬಾಯಿಯಿಂದ ಉಸಿರು ಎಳೆಯುತ್ತಿದ್ದಳು. ಅಲ್ಲಿಯೇ ತಾಲ್ಲೂಕು ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು, ಮೈಯ ನೀರು ಇಳಿಸುವ ಚುಚ್ಚುಮದ್ದು ಹಾಕಿದರು. ಸಂಜೆಗೆ ಉಸಿರು ತಹಬಂದಿಗೆ ಬಂತು. ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, "ಹೋಳಿಗೆ ಯಾರು ತಟ್ಟಿದ್ರು?" ಎಂದು.

ಸಾಗರಕ್ಕೆ ಬಂದ ಮೇಲೆ ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು. ಅಕ್ಕ, "ಹೊಗೆ ಡಾಕ್ಟ್ರೇ" ಎಂದಳು. "ಹೊಗೆ ಅಲ್ಲಮ್ಮ, ಹೃದಯ" ಎಂದು ಅವರು ಪತ್ರ ಬರೆದು ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ಸ್ಕ್ಯಾನ್ ಮಾಡಿದ ಹೃದಯದ ಡಾಕ್ಟರು ನನಗೆ ತಿಳಿಯುವಂತೆ ಹೇಳಿದರು. ಹೃದಯದ ಒಳಗೆ ರಕ್ತ ಹಾಯುವ ಬಾಗಿಲೊಂದಿದೆ. ಚಿಕ್ಕಂದಿನಲ್ಲಿ ಬಂದ ಕೀಲುನೋವಿನ ಜ್ವರದಿಂದ ಅದರ ರೆಕ್ಕೆಗಳು ಅಂಟಿಕೊಂಡು, ವರ್ಷ ಹೋದ ಹಾಗೆ ಬಾಗಿಲು ಕಿರಿದಾಗಿದೆ. ರಕ್ತ ಹಿಂದಕ್ಕೆ ಒತ್ತಿ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ತೊಡೆಯ ಸಂದಿನ ರಕ್ತನಾಳದಿಂದ ಒಂದು ಸಣ್ಣ ಬಲೂನು ಒಯ್ದು, ಅಲ್ಲಿ ಊದಿಸಿ, ಅಂಟಿದ್ದನ್ನು ಬಿಡಿಸಬಹುದು. ಎದೆ ಕೊಯ್ಯಬೇಕಿಲ್ಲ. ಆದರೆ ತಡ ಮಾಡಬಾರದು. ಇನ್ನೊಮ್ಮೆ ಹೀಗೆ ನೀರು ತುಂಬಿದರೆ ಉಳಿಯುವುದು ಕಷ್ಟ.

ಆ ಆಸ್ಪತ್ರೆಯಲ್ಲಿ ಸರ್ಕಾರದ ಆರೋಗ್ಯ ಯೋಜನೆಯ ಮೇಜಿನ ಹಿಂದೆ ಒಬ್ಬ ಹೆಣ್ಣುಮಗಳು ಕೂತಿದ್ದಳು. ಆರೋಗ್ಯಮಿತ್ರ ಎನ್ನುತ್ತಾರೆ. ಬಿಪಿಎಲ್ ರೇಷನ್ ಕಾರ್ಡಿನಲ್ಲಿ ಹೆಸರಿದ್ದರೆ ಪೂರ್ತಿ ಖರ್ಚು ಯೋಜನೆಯದ್ದು, ಯಾವ ಕಾರ್ಡೂ ಇಲ್ಲದಿದ್ದರೆ ಒಂದು ಪಾಲು ಮಾತ್ರ ಎಂದಳು. ನಮ್ಮ ಮನೆಯ ಕಾರ್ಡು ಬಿಪಿಎಲ್ಲೇ. ಅದರಲ್ಲಿಯೂ ನಾಲ್ಕೇ ಹೆಸರು. ಅಕ್ಕನನ್ನು ಸೇರಿಸಲು ಅವಳ ಅತ್ತೆಯ ಮನೆಯ ಕಾರ್ಡಿನಿಂದ ತೆಗೆಸಬೇಕಿತ್ತು. ತೆಗೆಸಲು ಮೇಳಿಗೆಗೆ ಹೋಗಬೇಕಿತ್ತು. ಹೋಗುವುದಿಲ್ಲ ಎಂದು ಕೂಗಿ ಬಂದವನು ನಾನು.

ಮೊದಲು ವಿಮೆಯ ಏಜೆಂಟರಿಗೆ ಫೋನು ಮಾಡಿದೆ. ಅಕ್ಕನನ್ನು ನಮ್ಮ ಪಾಲಿಸಿಗೆ ಸೇರಿಸಿ ಎಂದೆ.

"ಆಗಲ್ಲ ಸ್ವಾಮಿ. ನಿಮ್ಮ ಪಾಲಿಸಿಲಿ ಕುಟುಂಬ ಅಂದ್ರೆ ಗಂಡ, ಹೆಂಡ್ತಿ, ಮಕ್ಕಳು. ಬೇಕಿದ್ರೆ ತಂದೆ ತಾಯಿ. ಅಕ್ಕ ಬರಲ್ಲ."

"ಹಾಗಾದ್ರೆ ಅವಳ ಹೆಸ್ರಲ್ಲೇ ಬೇರೆ ಮಾಡಿ. ಕಾಯಿಲೆ ವಿಷ್ಯ ಹೇಳೋದು ಬೇಡ."

"ಅದು ನನ್ ಕೈಲಿ ಮಾಡಿಸ್ಬೇಡಿ. ಮುಚ್ಚಿಟ್ಟು ಮಾಡಿದ್ರೆ ಕ್ಲೇಮು ನಿಲ್ಲಲ್ಲ. ಹೇಳಿ ಮಾಡಿದ್ರೆ ವರ್ಷಗಟ್ಲೆ ಕಾಯ್ಬೇಕು. ಅವತ್ತೇ ಮನೇಲಿ ಅಕ್ಕನೂ ಇದಾರೆ ಅಂದಿದ್ರೆ ಅವ್ರಿಗೇ ಒಂದು ಪಾಲಿಸಿ ಮಾಡಿಸ್ಬಹುದಿತ್ತು. ಅವಾಗ ಕಾಯಿಲೆ ಗೊತ್ತೂ ಇರ್ಲಿಲ್ಲ. ನೀವು ನಾಲ್ಕು ಅಂದ್ರಿ."

ನಿಯಮವೇ ಅವಳನ್ನು ಬಿಟ್ಟಿದ್ದು, ನಾನಲ್ಲ ಎಂದುಕೊಳ್ಳಲು ಇದ್ದ ಒಂದೇ ಆಸರೆ ಆ ಮಾತಿನಿಂದ ಹೋಯಿತು.

ಸಾಗರದ ಆಹಾರ ಶಾಖೆಗೆ ಹೋದೆ. ಅಕ್ಕನ ಆಧಾರ್ ನಂಬರು ಒತ್ತಿದ ಸಿಬ್ಬಂದಿ, "ಇವ್ರ ಹೆಸರು ತೀರ್ಥಹಳ್ಳಿ ತಾಲ್ಲೂಕಿನ ಕಾರ್ಡಲ್ಲಿದೆ. ಅಲ್ಲಿ ತೆಗೆಸದೆ ಇಲ್ಲಿ ಸೇರಲ್ಲ" ಎಂದರು. ತೆಗೆಸಿದರೆ ಕೂಡಲೇ ಸೇರಿಸುತ್ತೀರಾ ಎಂದೆ. "ಈಗ ಸೇರ್ಪಡೆ ನಿಲ್ಸಿದಾರೆ. ಕಾಯಿಲೆ ತುರ್ತು ಅಂತ ಡಾಕ್ಟರ ಪತ್ರ ಕೊಡಿ, ಮೇಲೆ ಕಳಿಸ್ತೀವಿ. ಯಾವಾಗ ಬರುತ್ತೆ ಅಂತ ನಾನು ಮಾತು ಕೊಡಲ್ಲ." ಹೆಸರು ತೆಗೆಸುವ ಅರ್ಜಿ ತೆಗೆದುಕೊಂಡೆ. ಅದಕ್ಕೆ ಆ ಮನೆಯ ಯಜಮಾನಿಯ ಸಹಿ ಬೇಕು.

ಒಪ್ಪಿಕೊಂಡ ಮದುವೆಯೊಂದನ್ನು ಬೇರೆ ಅಡುಗೆಯವರಿಗೆ ಬಿಟ್ಟುಕೊಟ್ಟು, ಹೊಸನಗರ ದಾಟಿ ತೀರ್ಥಹಳ್ಳಿಗೆ, ಅಲ್ಲಿಂದ ಮೇಳಿಗೆಗೆ ಹೋದೆ. ಅಕ್ಕನಿಗೆ ಹೇಳಿರಲಿಲ್ಲ. ಅವಳ ಅತ್ತೆ ರಸ್ತೆಬದಿಯ ಮನೆಯ ಅಂಗಳದಲ್ಲಿ ಎಮ್ಮೆಗೆ ಕುಡಿಯಲು ಅಕ್ಕಚ್ಚು ಇಡುತ್ತಿದ್ದರು. ನಾನು ಮೆಟ್ಟಿಲ ಕೆಳಗೇ ನಿಂತೆ.

"ಬಾ ಒಳಗೆ."

"ಇಲ್ಲೇ ಸಾಕಮ್ಮ."

"ಓ, ಆಣೆ ಇನ್ನೂ ಇದೆಯಾ? ಇರ್ಲಿ. ನಿಂತ್ಕಂಡೇ ಹೇಳು."

ಅಕ್ಕನ ವಿಷಯ ಹೇಳಿದೆ. ಅವರು ಅಕ್ಕಚ್ಚಿನ ಬಕೆಟ್ಟನ್ನು ಕೆಳಗಿಟ್ಟರು. ಅರ್ಜಿಯನ್ನು ಮುಂದೆ ಹಿಡಿದು, ಅವಳ ಹೆಸರನ್ನು ನಿಮ್ಮ ಕಾರ್ಡಿನಿಂದ ತೆಗೆಸಲು ಸಹಿ ಬೇಕು ಎಂದೆ. ಅವರು ಕಾಗದವನ್ನು ನೋಡಲಿಲ್ಲ, ನನ್ನನ್ನೇ ನೋಡಿದರು.

"ಯಾಕೆ ತೆಗೆಸ್ತೀಯ? ಕಾರ್ಡು ಬೇಕಾಗಿರೋ ಹೊತ್ತಿಗೆ?"

"ನಮ್ಮನೆ ಕಾರ್ಡಿಗೆ ಸೇರಿಸ್ತೀನಿ."

"ಇಷ್ಟು ವರ್ಷ ಎಂತ ಮಾಡ್ತಿದ್ದೆ?"

ಮುಂದೆ ಹಿಡಿದಿದ್ದ ಅರ್ಜಿಯನ್ನು ಕೆಳಗಿಳಿಸಿದೆ. ಅವರೇ ಮುಂದುವರಿಸಿದರು. "ಅಕ್ಕಿಗೋಸ್ಕರ ಇವ್ರು ಸೊಸೆ ಹೆಸರು ಇಟ್ಕಂಡಿದಾರೆ ಅಂತ ಅನ್ಕಂಡಿರ್ತೀಯ ನೀನು. ಅಕ್ಕಿನೂ ತಿಂದಿದೀವಿ ಮಾರಾಯ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಹೋದ್ವರ್ಷ ಎಲ್ರೂ ರೇಷನ್ ಅಂಗಡಿಗೆ ಬಂದು ಬೆರಳು ಒತ್ತಬೇಕು, ಇಲ್ದಿದ್ರೆ ಹೆಸರು ಹೋಗ್ತದೆ ಅಂದ್ರು. ಅವ್ಳಿಗೆ ಫೋನು ಮಾಡ್ದೆ. 'ತಮ್ಮನ ಮನೆ ಕಾರ್ಡಿಗೆ ಸೇರ್ಸಿದಾರೇನೇ, ಸೇರ್ಸಿದ್ರೆ ಇಲ್ಲಿ ತೆಗೆಸ್ತೀನಿ' ಅಂದೆ. 'ಅತ್ತೇ, ಅಲ್ಲೇ ಇರ್ಲಿ, ಇಲ್ಲಿ ಎಣಿಸೋದು ನಾಲ್ಕೇ' ಅಂದ್ಲು. ತೀರ್ಥಳ್ಳೀಲಿ ಅಡುಗೆ ಇದ್ದಾಗ ಬಂದು ಬೆರಳು ಒತ್ತಿ, ನಿಂತ ಕಾಲಲ್ಲೇ ವಾಪಸ್ ಹೋದ್ಲು. ಒಂದು ಲೋಟ ಕಾಫಿ ಕುಡೀಲಿಲ್ಲ, ತಮ್ಮ ಬೈತಾನೆ ಅಂತ."

ಆ ದಿನ ನನಗೆ ನೆನಪಾಯಿತು. ಬಾಳೆಎಲೆ ನೋಡಿ ಬರುತ್ತೇನೆಂದು ಹೋದವಳು ತಡವಾಗಿ ಬಂದಿದ್ದಳು. ಕಣಕ ನಾದುವ ಹೊತ್ತಿಗೆ ತಿರುಗಲು ಹೋಗಿದ್ದೆಯಾ ಎಂದು ಎಲ್ಲರ ಮುಂದೆ ಗದರಿದ್ದೆ. ಅವಳು ಸೆರಗು ಸಿಕ್ಕಿಸಿಕೊಂಡು ನಾದಲು ಕೂತಿದ್ದಳು.

ಹೊಸನಗರದ ಅಡುಗೆಮನೆಯ ಆ ಮಾತು ಅವಳಿಗೆ ಕೇಳಿಸಿತ್ತು. ಇಷ್ಟು ಕಾಲ ಅದನ್ನು ಇಟ್ಟುಕೊಂಡೇ ನನ್ನ ಮಕ್ಕಳ ತಲೆ ಬಾಚಿದ್ದಳು, ಆಸ್ಪತ್ರೆಯಲ್ಲಿ ಮಗನ ಕಾಲ ಬಳಿ ಕೂತಿದ್ದಳು.

ಅಂಗಳದಿಂದಲೇ ಆರೋಗ್ಯಮಿತ್ರಳಿಗೆ ಫೋನು ಹಚ್ಚಿ, ಹೆಸರು ತೆಗೆಸಲು ಬಂದಿರುವುದನ್ನು ಹೇಳಿದೆ. ಆ ಹುಡುಗಿ ಗಾಬರಿಯಿಂದ, "ತೆಗೆಸ್ಬೇಡಿ ಅಣ್ಣಾ! ಅಲ್ಲಿ ಹೆಸರು ಹೋಗಿ ಇಲ್ಲಿ ಸೇರೋವರೆಗೆ ಅವ್ರು ಯಾವ ಕಾರ್ಡಲ್ಲೂ ಇರಲ್ಲ. ಅದೇ ಕಾರ್ಡು ತನ್ನಿ, ಬೆರಳು ಒತ್ತಿದ್ರೆ ಸಾಕು" ಎಂದಳು. ಚಿಕಿತ್ಸೆಯ ಖರ್ಚಿಗೆ ವರ್ಷದ ಮಿತಿ ಕಾರ್ಡಿನ ಇಡೀ ಕುಟುಂಬಕ್ಕೆ ಒಂದೇ ಎಂಬುದನ್ನೂ ಹೇಳಿದಳು.

ಅಕ್ಕನನ್ನು ನನ್ನ ಕಾರ್ಡಿನಿಂದಲೇ ಉಳಿಸಿಕೊಳ್ಳಬೇಕು, ಈ ಮನೆಯ ಋಣ ಬೇಡ ಎಂಬ ಹಟ ಅಷ್ಟಾದ ಮೇಲೂ ಒಳಗೆ ಇತ್ತು. ಅದು ಅಕ್ಕನ ಮೇಲಿನ ಪ್ರೀತಿ ಅಲ್ಲ, ನನ್ನ ಮುಖ ಉಳಿಸಿಕೊಳ್ಳುವುದು ಎಂದು ಮೆಟ್ಟಿಲ ಕೆಳಗೆ ನಿಂತು ನನಗೆ ಅರ್ಥವಾಯಿತು. ಅರ್ಜಿ ಮಡಚಿ ಜೇಬಿಗೆ ಹಾಕಿದೆ.

"ಅಮ್ಮಾ, ನಿಮ್ಮ ಕಾರ್ಡೇ ಬೇಕು. ನಿಮ್ಮ ಪಾಲಿನದೂ ಅದರಲ್ಲಿ ಖರ್ಚಾಗುತ್ತೆ."

"ನನ್ ಮಂಡಿಗೆ ಡಾಕ್ಟ್ರು ಆಪರೇಷನ್ ಅಂದಿದಾರೆ. ಅದಕ್ಕೇನು ಅವಸರ, ನೋಯ್ತಾ ಇರ್ಲಿ, ನಂಗೂ ಹೊತ್ತು ಹೋಗ್ತದೆ." ಒಳಗೆ ಹೋಗಿ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಟ್ಟ ಕಾರ್ಡನ್ನು ತಂದು ಕೊಟ್ಟರು. "ವಾಪಸ್ ತರೋದಿಕ್ಕೆ ನೀನೊಬ್ನೇ ಬರ್ಬೇಡ. ಅವ್ಳನ್ನ ಕರ್ಕಂಡು ಬಾ."

ಶಿವಮೊಗ್ಗದಲ್ಲಿ ಎಲ್ಲವೂ ಸಲೀಸಾಗಲಿಲ್ಲ. ಯೋಜನೆಯ ಅನುಮತಿಗೆ ಕಳಿಸಿದ ಅರ್ಜಿ, ಸ್ಕ್ಯಾನಿನ ವರದಿಯ ಜೊತೆ ಚಿತ್ರವೂ ಬೇಕೆಂದು ವಾಪಸು ಬಂತು. ಸ್ಕ್ಯಾನಿನವರ ಬಾಗಿಲಿನಲ್ಲಿ ನಿಂತು ಅದನ್ನು ತೆಗೆಸಿ ತಂದೆ. ಜನರಲ್ ವಾರ್ಡು, ಸಾಲು ಹಾಸಿಗೆ, ಫ್ಯಾನು ಒಂದು ತಿರುಗಿದರೆ ಒಂದು ಇಲ್ಲ. ಮಗನಿಗೆ ಸಿಕ್ಕ ಕೋಣೆ ನೆನಪಾಗುತ್ತಿತ್ತು. ಬಡಿಸುವವನು ಹೇಳಿದ ಬೆಂಚಿನ ಮೇಲೆ ನಾನೂ ಕಾದೆ, ಅವನ ಮಾತು ಸುಳ್ಳಲ್ಲ. ತರಕಾರಿ ಹೆಚ್ಚುವವಳ ಮಾತೂ ಸುಳ್ಳಲ್ಲ. ಅನುಮತಿ ಬಂದ ಮೇಲೆ ಯಾರೂ ನನ್ನ ಜೇಬಿನ ಕಡೆ ನೋಡಲಿಲ್ಲ.

ಬಾಯಿಯ ಮೂಲಕ ಕೊಳವೆ ಇಳಿಸಿ, ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿಲ್ಲ ಎಂದು ಮೊದಲು ನೋಡಿಕೊಂಡರು. ಮಾರನೆಯ ಬೆಳಿಗ್ಗೆ ಒಳಗೆ ಕರೆದೊಯ್ದರು. ಅಕ್ಕ ಪೂರ್ತಿ ಎಚ್ಚರವಾಗಿಯೇ ಇದ್ದಳಂತೆ. ಡಾಕ್ಟರು ಹೊರಗೆ ಬಂದು, "ಬಾಗಿಲು ಚೆನ್ನಾಗಿ ತೆರೀತು" ಎಂದಾಗ ಅವರ ಕಾಲಿಗೆ ಬೀಳಲು ಹೋದೆ, ಅವರು ಹಿಡಿದುಕೊಂಡರು. ಆ ಡಾಕ್ಟರಿಗೆ, ಕಾರ್ಡಿನಲ್ಲಿ ಹೆಸರು ಉಳಿಸಿದ ಆ ಹುಡುಗಿಗೆ, ಸುಳ್ಳು ಪಾಲಿಸಿ ಮಾಡದೆ ಬಿಟ್ಟ ಏಜೆಂಟರಿಗೆ, ನಾನು ಋಣಿ.

ಅವತ್ತು ಸಂಜೆ ಅಕ್ಕ ಹಾಸಿಗೆಯಲ್ಲಿ ಚಪ್ಪಟೆಯಾಗಿ ಮಲಗಿದ್ದಳು, ಗೋಡೆಯ ಆಸರೆ ಇಲ್ಲದೆ. ನಾನು ಪಕ್ಕದಲ್ಲಿ ನಿಂತು ಅವಳ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ.

"ಎಂತ ನೋಡ್ತೀಯೋ, ಹಾಲು ಕಾಯಕ್ಕಿಟ್ಟವ್ರ ಹಂಗೆ?"

ಆಗಲೇ ಹೇಳಬೇಕಿತ್ತು. ಕಾಫಿ ತರುತ್ತೇನೆಂದು ಹೊರಗೆ ಹೋದೆ.

ಬಿಡುಗಡೆಯಾದ ದಿನ ನೇರ ಸಾಗರಕ್ಕೆ ಹೋಗಲಿಲ್ಲ. ಮಂಡಗದ್ದೆಯ ದಾರಿಯಲ್ಲಿ ತೀರ್ಥಹಳ್ಳಿ ಹಾದು ಮೇಳಿಗೆಗೆ ಹೊರಟೆವು. ಹೆಂಡತಿಯೂ ಜೊತೆಗಿದ್ದಳು. ಮನೆ ಕಂಡಾಗ ಅಕ್ಕ ನನ್ನ ಮುಖ ನೋಡಿದಳು. ಅವಳ ಅತ್ತೆ ಬಾಗಿಲಲ್ಲೇ ಇದ್ದರು. ಅಕ್ಕನ ಕೆನ್ನೆ ಹಿಡಿದು, "ಇಳಿದು ಹೋಗಿದೀಯಲ್ಲೇ" ಎಂದರು. ನಾನು ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದೆ. ಕಾರ್ಡನ್ನು ಅವರ ಕೈಗಿತ್ತೆ.

ಮಧ್ಯಾಹ್ನ ಅವರೇ ಎಲೆ ಹಾಕಿದರು. ಅಕ್ಕ ಬಡಿಸಲು ಏಳಹೋದಳು. "ಕೂತ್ಕ. ಊರಿಗೆಲ್ಲ ಬಡಿಸಿದ್ದು ಸಾಕು" ಎಂದು ಗದರಿ ಕೂರಿಸಿದರು. ಸೌತೆಕಾಯಿ ಹುಳಿ, ಕೆಂಪಕ್ಕಿ ಅನ್ನ, ಮಿಡಿ ಉಪ್ಪಿನಕಾಯಿ.

"ಸೊಸೆ ಹೆಸರು ಈಗ್ಲಾದ್ರೂ ತೆಗೆಸ್ಬೇಕಾ ನಿಂಗೆ?" ಎಂದು ಅನ್ನ ಹಾಕುತ್ತ ಕೇಳಿದರು.

"ಅದನ್ನ ಅವಳೇ ಹೇಳ್ಲಿ" ಎಂದೆ.

ಅಕ್ಕ ಅನ್ನ ಕಲಸುತ್ತಿದ್ದಳು. ಹುಳಿಯ ಹೋಳೊಂದನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ಎಲ್ಲಿದ್ರೆ ಎಂತ. ಅವನಿಗೂ ತಾಪತ್ರಯ, ನಾಲ್ಕು ಜನರ ಸಂಸಾರ" ಎಂದಳು. ಚುಚ್ಚಲು ಹೇಳಿದ್ದಲ್ಲ. ಅವಳಿಗೆ ಅದು ಅಷ್ಟು ರೂಢಿಯಾಗಿತ್ತು.

ಕೈಯ ತುತ್ತನ್ನು ಎಲೆಗೆ ವಾಪಸು ಇಟ್ಟೆ. ಹೆಂಡತಿ ನನ್ನ ಕಡೆ ನೋಡಿದಳು. ಅಕ್ಕನ ಅತ್ತೆ ಸೌಟು ಹಿಡಿದು ನಿಂತಿದ್ದರು. ಇವರೆಲ್ಲ ಕೇಳಲಿ ಎಂದೇ ಸ್ವಲ್ಪ ಗಟ್ಟಿಯಾಗಿ ಹೇಳಿದೆ:

"ಅಕ್ಕಾ, ಹೊಸನಗರದಲ್ಲಿ ಅವ್ರು ಮನೇಲಿ ಎಷ್ಟು ಜನ ಅಂತ ಕೇಳಿದಾಗ ನೀನು ಅಲ್ಲೇ ಇದ್ದೆ. ನಾನು ನಾಲ್ಕು ಅಂದೆ. ಮರ್ತು ಹೇಳಿದ್ದಲ್ಲ, ನಿನ್ನ ಎಣಿಸ್ಲೇ ಇಲ್ಲ. ತಪ್ಪಾಯ್ತು ಅಕ್ಕಾ. ಕ್ಷಮಿಸು. ನಮ್ಮನೇಲಿ ಐದು ಜನ."